5 ವೋಲ್ಟ್ ಅಂತ ಮಾರ್ತಿರೋ ರೂಟರ್ ಕೂಲರ್ ಫ್ಯಾನ್: ಸ್ಟಿಕ್ಕರ್ ಕಿತ್ತು ನೋಡದೆ ತಗೋಬೇಡಿ

ದಯವಿಟ್ಟು ಪೂರ್ತಿ ಓದಿ. "ಯುಎಸ್‌ಬಿ ಕೂಲರ್, 5 ವೋಲ್ಟ್, ರೂಟರ್‌ಗೇ ಚುಚ್ಚಿದ್ರೆ ಸಾಕು" ಅಂತ ಎರಡು 120 ಎಂಎಂ ಫ್ಯಾನಿನ ಸೆಟ್ ಮಾರ್ತಿದ್ದಾರೆ. ಶುದ್ಧ ಮೋಸ. ಟಿವಿ ಯೂನಿಟ್ ಒಳಗೆ ರೂಟರ್, ಹಾರ್ಡ್ ಡಿಸ್ಕ್ ಇಟ್ಟಿರೋರು ಬೇಸಿಗೆಯಲ್ಲಿ ಇದನ್ನೇ ಹುಡುಕ್ಕೊಂಡು ಹೋಗ್ತಾರೆ, ಅದಕ್ಕೇ ಬರೀತಿದ್ದೀನಿ.

120 ಎಂಎಂ ಫ್ಯಾನ್ ಅಂದ್ರೆ ಎದುರಿಗೆ ಹಿಡಿದ ಕಾಗದ ಪಟಪಟ ಅನ್ನಬೇಕು. ನಾನು ತಗೊಂಡ ಸೆಟ್ಟಿನಲ್ಲಿ ಅಲುಗಾಡಲೂ ಇಲ್ಲ. ಒಂದು ಫ್ಯಾನ್ ಅಂತೂ ಬೆರಳಲ್ಲಿ ತಳ್ಳಿದ ಮೇಲೇ ತಿರುಗಿದ್ದು. ಮಧ್ಯದ ಸ್ಟಿಕ್ಕರಿನ ಅಂಚು ಸ್ವಲ್ಪ ಎದ್ದಿತ್ತು, ಉಗುರಲ್ಲಿ ಕೆರೆದೆ. "ಡಿಸಿ 5 ವೋಲ್ಟ್" ಅನ್ನೋ ಚೀಟಿ ಗೋಂದಿನ ಸಮೇತ ಎದ್ದು ಬಂತು. ಕೆಳಗೆ ಫ್ಯಾನಿನ ಅಸಲಿ ಚೀಟಿ: 12 ವೋಲ್ಟ್, 0.25 ಆಂಪ್. ಮೈಯೆಲ್ಲ ಉರಿದುಹೋಯ್ತು. ಈ ಕೆಲಸ ಬಲ್ಲವರಿಗೇ ಹೀಗೆ ಟೋಪಿ ಹಾಕ್ತಾರೆ ಅಂದ್ರೆ ಮಿಕ್ಕವರ ಗತಿ ಏನು?

12 ವೋಲ್ಟಿನ ಫ್ಯಾನಿಗೆ 5 ವೋಲ್ಟ್ ಕೊಟ್ಟರೆ ವೇಗ ಅರ್ಧಕ್ಕೂ ಕೆಳಗೆ ಬೀಳುತ್ತೆ, ಅದರ ಜೊತೆಗೆ ಗಾಳಿಯೂ. ಎಷ್ಟೋ ಫ್ಯಾನ್ ಶುರುವೇ ಆಗಲ್ಲ.

ಅಂಗಡಿಯವರಿಗೆ ಫೋಟೋ ಕಳಿಸಿದೆ. "ಫ್ಯಾನ್ ತಿರುಗ್ತಿದೆ ತಾನೇ ಸರ್?" 12 ವೋಲ್ಟ್ ಅಂತ ಇದೆಯಲ್ರೀ ಅಂದ್ರೆ, "ಅದು ಮ್ಯಾಕ್ಸಿಮಮ್ ಸರ್, 5ರಲ್ಲೂ ನಡೆಯುತ್ತೆ." ವಾಪಸ್ ತಗೊಳ್ಳಿ ಅಂದ್ರೆ, "ಸ್ಟಿಕ್ಕರ್ ಕಿತ್ತಿದ್ದೀರಲ್ಲ, ವಾರಂಟಿ ಹೋಯ್ತು." ಸುಳ್ಳು ಸ್ಟಿಕ್ಕರ್ ಅಂಟಿಸಿ ಮಾರಿದ್ದು ಇವರು, ಕಿತ್ತಿದ್ದು ನಮ್ಮ ತಪ್ಪಂತೆ! ಕೊನೆಗೆ, "ಬೂಸ್ಟರ್ ಕೇಬಲ್ ತಗೊಳ್ಳಿ ಸರ್, 5ನ್ನ 12 ಮಾಡುತ್ತೆ." ಅಂದ್ರೆ ಮೋಸ ಮಾಡಿದ್ದಕ್ಕೆ ಮೇಲೆ ಇನ್ನಷ್ಟು ದುಡ್ಡು.

ಆ ಕೇಬಲ್ ರೂಟರ್‌ಗೆ ಚುಚ್ಚಲೇಬೇಡಿ. ಎರಡೂ ಫ್ಯಾನ್ ಪೂರ್ತಿ ವೇಗದಲ್ಲಿ ಓಡೋಕೆ 6 ವ್ಯಾಟ್ ಬೇಕು, ಕೇಬಲ್ ತಿನ್ನೋದು ಬೇರೆ. ಯುಎಸ್‌ಬಿ 2.0 ಪೋರ್ಟ್ ಕೊಡೋದು 0.5 ಆಂಪ್, ಅಂದ್ರೆ 2.5 ವ್ಯಾಟ್. ರೂಟರ್ ಪದೇ ಪದೇ ರೀಸ್ಟಾರ್ಟ್ ಆಗಬಹುದು. ಅದೇ ರೂಟರ್‌ಗೆ ಹಾರ್ಡ್ ಡಿಸ್ಕ್ ಹಾಕಿದ್ರೆ, ಕಾಪಿ ಆಗ್ತಿರುವಾಗಲೇ ಕನೆಕ್ಷನ್ ಕಡಿದು ಫೈಲ್ ಹಾಳಾಗಬಹುದು.

ಇದಕ್ಕಿಂತ 12 ವೋಲ್ಟ್ 1 ಆಂಪ್ ಅಡಾಪ್ಟರ್ ಬೇರೆಯೇ ತಗೊಳ್ಳಿ, ಇಂಥ ಎರಡು ಫ್ಯಾನಿಗೆ ಧಾರಾಳ. ಕೆಂಪು ವೈರ್ ಪ್ಲಸ್, ಕಪ್ಪು ಮೈನಸ್, ಹಳದಿ ಇದ್ರೆ ಅದು ಸ್ಪೀಡ್ ಸಿಗ್ನಲ್, ಟೇಪ್ ಸುತ್ತಿ ಬಿಟ್ಟುಬಿಡಿ. ಯೂನಿಟ್ಟಿನ ಹಿಂದಿನ ಹಲಗೆಯಲ್ಲಿ ಮೇಲ್ಗಡೆ ತೂತು ಕೊರೆದು, ಸ್ಟಿಕ್ಕರ್ ಇರೋ ಮುಖ ಹೊರಗೆ ಬರೋ ಹಾಗೆ ಕೂರಿಸಿ, ಫ್ಯಾನ್ ಗಾಳಿ ಹೊರಗೆ ತಳ್ಳೋದು ಆ ಕಡೆಯಿಂದ. ತಣ್ಣನೆ ಗಾಳಿ ಒಳಗೆ ಬರೋಕೆ ಕೆಳಗೂ ಅಷ್ಟೇ ದೊಡ್ಡ ತೂತು ಬೇಕು, ಇಲ್ಲದಿದ್ರೆ ಎಷ್ಟು ಫ್ಯಾನ್ ಹಾಕಿದ್ರೂ ದಂಡ. ರೂಮಿನ ಬಿಸಿಗಿಂತ ಕೆಳಗೆ ಯಾವ ಫ್ಯಾನೂ ಇಳಿಸಲ್ಲ, "ಎಸಿ ಥರ ತಣ್ಣಗೆ" ಅಂದ್ರೆ ನಂಬಬೇಡಿ.

ಅಂಗಡಿಗೇ ಹೋಗಿ ತಗೊಳ್ಳೋರು ದುಡ್ಡು ಕೊಡೋ ಮುಂಚೆ ಅವರ ಕೈಯಲ್ಲೇ ಸ್ಟಿಕ್ಕರ್ ಕೀಳಿಸಿ. ಒಪ್ಪಲಿಲ್ವಾ, ಎದ್ದು ಬನ್ನಿ.