ಮರ್ಟಲ್: ದೊಡ್ಡದೋ, ಗಿಡ್ಡದೋ?

ಮರ್ಟಲ್ ಅಂದರೆ ಘಮಘಮಿಸುವ ಎಲೆಯ, ಸದಾ ಹಸಿರಾಗಿರುವ ಪೊದೆಗಿಡ. ಸಾಮಾನ್ಯ ಮರ್ಟಲ್ ನೆಲದಲ್ಲಿ ಹಾಗೇ ಬಿಟ್ಟರೆ 3 ಮೀಟರ್ ದಾಟಬಹುದು. ಅದರದ್ದೇ ಗಿಡ್ಡ ಬಗೆ ‘ಟಾರೆಂಟಿನಾ’ ಸುಮಾರು 1.5 ಮೀಟರ್‌ಗೆ ನಿಲ್ಲುತ್ತದೆ. ಎಲೆ ಚಿಕ್ಕದು, ಬೆಳವಣಿಗೆ ಒತ್ತೊತ್ತು. ಕುಂಡಕ್ಕೆ, ಗಿಡ್ಡ ಬೇಲಿಗೆ ನನ್ನ ಓಟು ಇದಕ್ಕೇ.

ಪರಿಮಳ ಎರಡರಲ್ಲೂ ಇದೆ, ಎಲೆ ಉಜ್ಜಿ ನೋಡಿ. ಸಾಮಾನ್ಯ ಮರ್ಟಲ್‌ನ ಹಣ್ಣು ಕಪ್ಪು-ನೇರಳೆ, ಟಾರೆಂಟಿನಾದ್ದು ಬಿಳಿ. ಹೂವು ಎರಡರದ್ದೂ ತಿಳಿ ಬಣ್ಣ, ನಡುವೆ ಕೇಸರಗಳ ಕುಚ್ಚು. ಆದರೆ ಪದೇ ಪದೇ ಕತ್ತರಿ ಆಡಿಸಿದರೆ ಹೂವೂ ಕಮ್ಮಿ, ಹಣ್ಣೂ ಕಮ್ಮಿ. ಅದಕ್ಕೇ ಇಕ್ಕಟ್ಟಿನ ಜಾಗದಲ್ಲಿ ದೊಡ್ಡದನ್ನು ನೆಟ್ಟು ಸುಮ್ನೆ ಕತ್ತರಿಸುತ್ತಾ ಕೂರಬೇಡಿ. ಜಾಗ ಜಾಸ್ತಿ ಇದ್ದರೆ, ಎತ್ತರದ ಮರೆ ಬೇಕಿದ್ದರೆ ದೊಡ್ಡದೇ ಸರಿ.

ಎರಡಕ್ಕೂ ಒಳ್ಳೆ ಬಿಸಿಲು, ನೀರು ಬಸಿಯುವ ಮಣ್ಣು ಬೇಕು. ಅಂದಹಾಗೆ, ಕ್ರೇಪ್ ಮರ್ಟಲ್ ಬೇರೆಯೇ ಗಿಡ, ಅದು ಎಲೆ ಉದುರಿಸುತ್ತದೆ.