1151 ಎಂಬ ಅಂಕಿಯನ್ನು ನಂಬಿ ಪ್ರೊಸೆಸರ್ ಕೊಳ್ಳಬೇಡಿ

ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯ ಮುಂಗೋಣೆಯಲ್ಲಿ ಲಗ್ನಪತ್ರಿಕೆಗಳ ಡಿಟಿಪಿ ಕೆಲಸಕ್ಕೆಂದು 2016ರಲ್ಲಿ ಜೋಡಿಸಿಕೊಂಡ ಡೆಸ್ಕ್‌ಟಾಪ್ ಒಂದಿದೆ. ಎಚ್110 ಚಿಪ್‌ಸೆಟ್ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಬೆಸೆಯುವ ಚಿಪ್) ಇರುವ ಮದರ್‌ಬೋರ್ಡು, ಆರನೆಯ ಜನರೇಶನ್ನಿನ ಕೋರ್ ಐ3-6100 ಪ್ರೊಸೆಸರ್, ನಾಲ್ಕು ಜಿಬಿಯ ಎರಡು ರ‍್ಯಾಮ್‌ಗಳು. ಒಂಬತ್ತು ವರ್ಷ ತಕರಾರಿಲ್ಲದೆ ದುಡಿದ ಈ ಯಂತ್ರವನ್ನು ಕಳೆದ ನವೆಂಬರಿನಲ್ಲಿ ನಾನೇ ದುಡ್ಡು ಕೊಟ್ಟು ಕೆಡಿಸಿಕೊಂಡೆ. ಹಳೆಯ ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಹಾಕಿಸಲು ಹೊರಟವರು ಮುಂದಿನದನ್ನು ಓದಿಕೊಂಡು ಹೊರಡುವುದು ಒಳ್ಳೆಯದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಅಧಿಕೃತವಾಗಿ ಇಂಟೆಲ್‌ನ ಎಂಟನೆಯ ಅಥವಾ ಅದರ ನಂತರದ ಜನರೇಶನ್ನಿನ ಪ್ರೊಸೆಸರ್ ಬೇಕು. ಇಡೀ ಕಂಪ್ಯೂಟರ್ ಬದಲಿಸುವ ಬದಲು ಪ್ರೊಸೆಸರ್ ಒಂದನ್ನೇ ಬದಲಿಸಿದರೆ ಸಾಲದೇ ಎಂದು ಊರಿನ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಅಂಗಡಿಯವರು ಬಳಸಿದ ಕೋರ್ ಐ5-8400 ಒಂದನ್ನು ಮೇಜಿನ ಮೇಲಿಟ್ಟು, "ನಿಮ್ಮ ಬೋರ್ಡೂ 1151, ಇದೂ 1151. ಕಣ್ಣು ಮುಚ್ಚಿ ತಗೊಳ್ಳಿ ಸರ್" ಎಂದರು. ನಾನು ಅಕ್ಷರಶಃ ಹಾಗೆಯೇ ಮಾಡಿದೆ. ಬೆಲೆ 5,500 ರೂಪಾಯಿ.

ಅವರು ಹೇಳಿದ ಅಂಕಿಯಲ್ಲಿ ಸುಳ್ಳಿರಲಿಲ್ಲ. ಎರಡರದ್ದೂ ಎಲ್‌ಜಿಎ 1151 ಸಾಕೆಟ್ಟೇ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ), ಸಂಪರ್ಕದ ಪಿನ್ನುಗಳ ಸಂಖ್ಯೆಯೂ ಒಂದೇ. ಪ್ರೊಸೆಸರ್ ಸಾಕೆಟ್ಟಿನಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ, ಮೇಲಿನ ಕ್ಲಿಪ್ಪೂ ಸರಾಗವಾಗಿ ಮುಚ್ಚಿಕೊಳ್ಳುತ್ತದೆ. ಆದರೆ 2017ರಲ್ಲಿ ಎಂಟನೆಯ ಜನರೇಶನ್ ತಂದಾಗ ಇಂಟೆಲ್ ಕೆಲವು ಪಿನ್ನುಗಳ ಕೆಲಸವನ್ನೇ ಬದಲಿಸಿ, ವಿದ್ಯುತ್ತಿಗಾಗಿ ಹೆಚ್ಚು ಪಿನ್ನುಗಳನ್ನು ಮೀಸಲಿಟ್ಟಿತು. ಹಾಗಾಗಿ ಐ5-8400ಕ್ಕೆ ಎಚ್310, ಬಿ360ರಂತಹ 300 ಸರಣಿಯ ಚಿಪ್‌ಸೆಟ್ ಇರುವ ಬೋರ್ಡೇ ಬೇಕು. ಎಚ್110 ಬೋರ್ಡು ಒಪ್ಪುವುದು ಆರು ಮತ್ತು ಏಳನೆಯ ಜನರೇಶನ್ನಿನ ಪ್ರೊಸೆಸರ್‌ಗಳನ್ನು ಮಾತ್ರ, ಅದರಲ್ಲೂ ಹಳೆಯ ಬೋರ್ಡಿಗೆ ಏಳನೆಯದನ್ನು ಹಾಕುವ ಮೊದಲು ಬಯೋಸ್ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಅಪ್‌ಡೇಟ್ ಮಾಡಬೇಕಾಗಬಹುದು. ಮಾರ್ಪಡಿಸಿದ ಬಯೋಸ್ ಹಾಕಿ, ಕೆಲವು ಪಿನ್ನುಗಳನ್ನು ಮುಚ್ಚಿ ಎಂಟನೆಯದನ್ನೂ ಓಡಿಸುವ ಸಾಹಸಿಗರು ಇದ್ದಾರೆ. ನಾಳೆ ಬೆಳಿಗ್ಗೆ ಲಗ್ನಪತ್ರಿಕೆ ಮುದ್ರಣಕ್ಕೆ ಕೊಡಬೇಕಾದವರು ಅತ್ತ ತಲೆ ಹಾಕದಿರುವುದೇ ಮೇಲು.

ಇದೊಂದೂ ನನಗೆ ಅಂದು ಗೊತ್ತಿರಲಿಲ್ಲ. ಅಂಗಡಿಯ ಹುಡುಗ ಪ್ರೊಸೆಸರ್ ಕೂರಿಸಿ ಸ್ವಿಚ್ ಒತ್ತಿದಾಗ ಫ್ಯಾನ್ ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ಗೆ ಶಕ್ತಿ ಸಾಲುತ್ತಿಲ್ಲ ಎಂದು ಹೊಸದೊಂದನ್ನು ಹಾಕಿ 1,800 ರೂಪಾಯಿ ಬರೆದರು, ಆಗಲೂ ಪರದೆ ಬೆಳಗಲಿಲ್ಲ. ನಂತರ ರ‍್ಯಾಮ್ ಒರೆಸಿದರು, ಬಯೋಸ್ ಸೆಲ್ ತೆಗೆದು ಹಾಕಿದರು, ಪ್ರೊಸೆಸರನ್ನು ನಾಲ್ಕೈದು ಬಾರಿ ಎತ್ತಿ ಕೂರಿಸಿದರು. ಸಂಜೆಯ ಹೊತ್ತಿಗೆ ಹಳೆಯ ಐ3ಯನ್ನೇ ಮರಳಿ ಹಾಕಿ ಯಂತ್ರವನ್ನು ನನ್ನ ಕೈಗಿತ್ತರು.

ಮನೆಗೆ ಬಂದು ನೋಡಿದರೆ ಎಂಟು ಜಿಬಿಯ ಜಾಗದಲ್ಲಿ ನಾಲ್ಕೇ ಜಿಬಿ ತೋರಿಸುತ್ತಿತ್ತು. ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಪ್ರೊಸೆಸರ್ ತೆಗೆದು, ಟಾರ್ಚ್ ಹಿಡಿದು ಭೂತಗನ್ನಡಿಯಲ್ಲಿ ನೋಡಿ, "ಮಾಮಾ, ಇಲ್ಲಿ ಮೂರು ಪಿನ್ನು ಮಲಗಿಬಿಟ್ಟಾವೆ" ಎಂದ. ಈ ಬಗೆಯ ಸಾಕೆಟ್ಟಿನಲ್ಲಿ ಕೂದಲೆಳೆಯಂತಹ ಪಿನ್ನುಗಳಿರುವುದು ಪ್ರೊಸೆಸರಿನಲ್ಲಲ್ಲ, ಬೋರ್ಡಿನಲ್ಲಿ. ರ‍್ಯಾಮ್ ಅನ್ನು ನಿಯಂತ್ರಿಸುವ ಭಾಗ ಪ್ರೊಸೆಸರಿನ ಒಳಗೇ ಇರುವುದರಿಂದ ಸಂಬಂಧಪಟ್ಟ ಪಿನ್ನು ಬಾಗಿದರೆ ಒಂದು ಸ್ಲಾಟ್ ಪೂರ್ತಿ ಸತ್ತಂತೆಯೇ. ಸೂಜಿಯಿಂದ ಎರಡನ್ನು ಎತ್ತಿ ನಿಲ್ಲಿಸಿದ, ಮೂರನೆಯದು ಮುರಿಯಿತು.

ಮರುದಿನ ಅಂಗಡಿಯವರು ಅದೇ ಐ5-8400 ಅನ್ನು ಬೇರೊಂದು ಬೋರ್ಡಿನಲ್ಲಿ ನನ್ನೆದುರೇ ಓಡಿಸಿ ತೋರಿಸಿದರು. ಮಾಲು ಚೆನ್ನಾಗಿದೆ, ಪಿನ್ನು ಮೊದಲೇ ಬಾಗಿತ್ತು, ಬಿಲ್ಲಿನಲ್ಲಿ ಮಾರಿದ ಮಾಲು ವಾಪಸಿಲ್ಲವೆಂದು ಅಚ್ಚಾಗಿದೆ ಎಂದರು. ಸಾಕೆಟ್ಟನ್ನು ತೆರೆದಾಗ ನಾನೊಂದು ಫೋಟೊ ತೆಗೆದುಕೊಂಡಿರಲಿಲ್ಲವಾದ್ದರಿಂದ ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ.

ಅಂಗಡಿಗೆ ಹೋಗುವ ಮೊದಲು ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ ಎಂಎಸ್‌ಇನ್ಫೋ32 (msinfo32) ಎಂದು ಟೈಪಿಸಿದ್ದರೆ ಬೋರ್ಡಿನ ಮಾದರಿಯೂ ಬಯೋಸ್ ಆವೃತ್ತಿಯೂ ಕಾಣುತ್ತಿದ್ದವು. ಆ ಮಾದರಿಯ ಹೆಸರಿನಿಂದ ಬೋರ್ಡ್ ತಯಾರಕರ ತಾಣದಲ್ಲಿ ಹುಡುಕಿದರೆ ಅದು ಒಪ್ಪುವ ಪ್ರೊಸೆಸರ್‌ಗಳ ಪಟ್ಟಿ, ಪ್ರತಿಯೊಂದಕ್ಕೂ ಬೇಕಾದ ಬಯೋಸ್ ಆವೃತ್ತಿಯ ಸಮೇತ ಸಿಗುತ್ತದೆ. ಆ ಪಟ್ಟಿಯಲ್ಲಿ ಇಲ್ಲದ ಪ್ರೊಸೆಸರನ್ನು ಯಾರು ಎಷ್ಟೇ ಭರವಸೆಯಿಂದ ಕೊಟ್ಟರೂ ಕೊಳ್ಳಬೇಡಿ. ಪಟ್ಟಿಯಲ್ಲಿ ಇದ್ದರೂ ಬೋರ್ಡಿನ ಮಾದರಿಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಸಾಕೆಟ್ ತೆರೆದ ಕೂಡಲೇ ಫೋಟೊ ತೆಗೆಯಿರಿ. ಬಯೋಸ್ ಅಪ್‌ಡೇಟ್ ಬೇಕಿದ್ದರೆ ಹಳೆಯ ಪ್ರೊಸೆಸರ್ ಇರುವಾಗಲೇ ಮಾಡಿಸಿ.

ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯಲು ನೋಂದಾಯಿಸಿಕೊಳ್ಳಬಹುದೆಂದು ನನಗೆ ತಿಳಿದದ್ದು ಇಷ್ಟೆಲ್ಲ ಆದ ಮೇಲೆ. ನೋಂದಾಯಿಸಿಕೊಂಡಿದ್ದೇನೆ. ಐ5-8400 ಈಗ ಅದರ ಪ್ಲಾಸ್ಟಿಕ್ ಡಬ್ಬಿಯಲ್ಲೇ ಮೇಜಿನ ಖಾನೆಯಲ್ಲಿದೆ. ನಾಲ್ಕು ಜಿಬಿಯಲ್ಲಿ ಕೋರೆಲ್‌ಡ್ರಾ ತೆರೆದುಕೊಳ್ಳುವಷ್ಟರಲ್ಲಿ ನಾನು ಒಂದು ಲೋಟ ಚಹಾ ಮುಗಿಸುತ್ತೇನೆ.