ಸೀರೆಯ ಅಂಚು: ನೇಯ್ದದ್ದೋ, ಹೊಲಿದು ಕೂಡಿಸಿದ್ದೋ?

ಸೀರೆ ಆರಿಸುವಾಗ ಅಂಚಿನ ಹೊಳಪಿಗಿಂತ ಮೊದಲು ಅದರ ಹಿಂಬದಿಯನ್ನು ಮಗುಚಿ ನೋಡುವುದು ಒಳ್ಳೆಯದು. ಮಗ್ಗದಲ್ಲೇ ನೇಯ್ದ ಅಂಚಿನಲ್ಲಿ ಎಳೆಗಳು ಒಡಲಿನೊಂದಿಗೆ ಹೆಣೆದುಕೊಂಡಿರುವುದರಿಂದ ಹೊಲಿಗೆ ಬಿಚ್ಚಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಇಳಕಲ್ ಸೀರೆಯಲ್ಲಂತೂ ಸೆರಗಿನ ಹಾಸನ್ನೂ, ಅಂದರೆ ಉದ್ದಕ್ಕೆ ಹಾಯುವ ಎಳೆಗಳನ್ನೂ, ಒಡಲಿನ ಹಾಸಿನೊಂದಿಗೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆದರೆ ಹಿಂಬದಿಯಲ್ಲಿ ಜರಿಯ ಎಳೆಗಳು ಉದ್ದುದ್ದ ಸಡಿಲವಾಗಿ ತೇಲುತ್ತಿದ್ದರೆ ಬಳೆಗೆ, ಕಾಲುಂಗುರಕ್ಕೆ ಸಿಕ್ಕಿ ಕಿತ್ತುಬರುತ್ತವೆ.

ಹೊಲಿದ ಲೇಸು ಅಗ್ಗ, ಹಳತಾದರೆ ಬಿಚ್ಚಿ ಬೇರೆಯದನ್ನು ಹಾಕಿಸಬಹುದು. ಅದರ ನಿಜವಾದ ತೊಂದರೆಯೆಂದರೆ, ಒಗೆದಾಗ ಬಟ್ಟೆ ಒಂದಷ್ಟು, ಲೇಸು ಇನ್ನೊಂದಷ್ಟು ಕುಗ್ಗಿ ಅಂಚು ಸುಕ್ಕುಗಟ್ಟುವುದು. ಒಂದು ಮೊಳದಷ್ಟನ್ನು ಮೇಜಿನ ಮೇಲೆ ಹರಡಿ ನೋಡಿ. ಅಂಗಡಿಯಲ್ಲೇ ಸುಕ್ಕು ಕಂಡರೆ ಇಸ್ತ್ರಿಯಿಂದಲೂ ಹೋಗದು. ಲೇಸಿನ ಎರಡೂ ಬದಿಗೆ ಹೊಲಿಗೆಯಿರಬೇಕು, ಇಂಚಿಗೆ 10–12 ಹೊಲಿಗೆಗಳಿದ್ದರೆ ಸಾಕು. ಗೋಂದಿನಿಂದ ಕನ್ನಡಿ, ಮಣಿ ಅಂಟಿಸಿದ್ದನ್ನು ಮಾತ್ರ ಎಷ್ಟೇ ಕಡಿಮೆಗೆ ಕೊಟ್ಟರೂ ನಾನು ಕೊಳ್ಳಲಾರೆ.

ಹಬ್ಬ, ಮದುವೆಗಳಿಗೆ ಹಲವು ವರ್ಷ ಉಡುವ ರೇಷ್ಮೆಗೆ ನೇಯ್ದ ಅಂಚೇ ಸರಿ. ನಿತ್ಯದ ಜಾರ್ಜೆಟ್‌ಗೆ ಲೇಸು ಸಾಲುತ್ತದೆ. ಎರಡಕ್ಕೂ ಫಾಲ್ ಹಾಕಿಸುವ ಮುನ್ನ ಆ ಫಾಲ್ ಪಟ್ಟಿಯನ್ನು ನೀರಿನಲ್ಲಿ ನೆನೆಸಿ ಒಣಗಿಸಿರಬೇಕು.